ಮೀನ ಎಲ್ಲದಾವ್ರೀ?

ಗುಡೂರಿನಂಥ ಊರಲ್ಲಿ ಪಡಸಾಲೆಯೊಳಗೆ ಗಾಜಿನ ತೊಟ್ಟಿ ಇಟ್ಟವನಿಗೆ ಎರಡು ಪ್ರಶ್ನೆಗಳಿಂದ ಬಿಡುಗಡೆ ಇಲ್ಲ. ಮೊದಲನೆಯದು, "ಇವನ್ನ ಯಾವಾಗ ಹುರಿಯೂದು?" ಇದಕ್ಕೆ ಸಿಟ್ಟಾಗಬಾರದು, ಇದಕ್ಕೆ ಅರಮನೆಯ ಹಿನ್ನೆಲೆ ಇದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ಬಲು ಆಸ್ಥೆಯಿಂದ ಬರೆದಿದ್ದಾನೆ. ಕೂಡಲೇ ಗಾಳ ಹಾಕುವ ಬಗೆಯನ್ನೂ ಹೇಳಿದ್ದಾನೆ. ಅರಸನ ಬುದ್ಧಿಯೇ ಹಾಗಿದ್ದ ಮೇಲೆ ನೆರೆಮನೆಯ ಕಾಕಾನದು ಏನು ತಪ್ಪು?

ಎರಡನೆಯ ಪ್ರಶ್ನೆ ಕಠಿಣ. ತೊಟ್ಟಿಯಲ್ಲಿ ಬರೀ ನೀರು, ಉಸುಕು, ನಾಲ್ಕು ಹಸಿರು ಎಲೆ ಕಂಡವರು ಕನ್ನಡಕ ಏರಿಸಿ ಕೇಳುತ್ತಾರೆ: "ಮೀನ ಎಲ್ಲದಾವ್ರೀ?" ಇನ್ನೂ ಒಂದು ತಿಂಗಳು ಬಿಡುವುದಿಲ್ಲ ಎಂದರೆ, ಕನ್ಯೆ ನೋಡುವ ಮೊದಲೇ ಮಂಟಪ ಕಟ್ಟಿಸಿದವನನ್ನು ನೋಡಿದ ಹಾಗೆ ನೋಡುತ್ತಾರೆ.

ನಮ್ಮಲ್ಲಿ ನಡೆದು ಬಂದ ಪದ್ಧತಿಯೇ ಬೇರೆ. ಪೇಟೆಗೆ ಹೋಗುವುದು, ತೊಟ್ಟಿ ಕೊಳ್ಳುವುದು, ಅದೇ ಅಂಗಡಿಯಲ್ಲಿ ಗುಲಾಬಿ ಬಣ್ಣದ ಹರಳು, ಬಾಯಿ ತೆರೆದು ಗುಳ್ಳೆ ಬಿಡುವ ಪ್ಲಾಸ್ಟಿಕ್ ಮೊಸಳೆ, ಕವರಿನಲ್ಲಿ ಕಟ್ಟಿದ ಅರ್ಧ ಡಜನ್ ಗೋಲ್ಡ್‌ಫಿಶ್. ಸಂಜೆಯೊಳಗೆ ಎಲ್ಲವೂ ಟಿವಿ ಪಕ್ಕದಲ್ಲಿ. ವಾರ ಕಳೆಯುವುದರಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. "ದೃಷ್ಟಿ ಆಗೇತಿ" ಎನ್ನುತ್ತಾಳೆ ಆಯಿ. "ವಾಸ್ತು ತಪ್ಪೇತಿ, ಈಶಾನ್ಯಕ್ಕ ಇಡಬೇಕಿತ್ತು" ಎನ್ನುತ್ತಾನೆ ಕಾಕಾ. ಮೊಸಳೆಯ ಮೇಲೂ ಮಕ್ಕಳಿಗೆ ಅನುಮಾನ.

ಅಪರಾಧಿ ಅಮೋನಿಯಾ. ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತಾಗ ಹುಟ್ಟುವ ವಿಷ ಅದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಮತ್ತೊಂದು ಬಗೆ ನೈಟ್ರೇಟ್ ಮಾಡುತ್ತವೆ, ಅದು ಅಷ್ಟು ಕಾಡುವುದಿಲ್ಲ, ಗಿಡಕ್ಕೆ ಗೊಬ್ಬರವಾಗುತ್ತದೆ. ಈ ಬ್ಯಾಕ್ಟೀರಿಯಾ ಉಸುಕಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯರ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದು ಹೆಪ್ಪು ಹಾಕಿದರೆ ಇನ್ನೂ ಬೇಗ. ನಮ್ಮ ಸೀಮೆಯ ಬೋರಿನ ಗಡಸು ನೀರಿನಲ್ಲಿ, ಅದರಲ್ಲೂ ಬಿಸಿಲುಗಾಲದಲ್ಲಿ, ಅಮೋನಿಯಾದ ವಿಷ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಅವಸರಕ್ಕೆ ರಿಯಾಯಿತಿ ಇಲ್ಲ.

ಇನ್ನು ತಳ. ಕೆಳಗೆ ಜರಡಿ ಹಿಡಿದ ಮಣ್ಣು ಒಂದು ಇಂಚು, ಮೇಲೆ ತೊಳೆದ ಉಸುಕು ಒಂದೂವರೆ ಇಂಚು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ ಹೇಳಿದ ದಾರಿಯೂ ಹೆಚ್ಚುಕಡಿಮೆ ಇದೇ: ಮಣ್ಣು, ಗಿಡ, ಕಡಿಮೆ ಯಂತ್ರ. ಎರಿ ಮಣ್ಣು ಬೇಡ, ಕದಡಿದರೆ ನೀರು ತಿಳಿಯಾಗುವುದನ್ನು ಕಾಯುತ್ತ ಕೂರಬೇಕು. ಮಸಾರಿ ವಾಸಿ, ಅದರ ಕೆಂಪಿನಲ್ಲಿ ಕಬ್ಬಿಣದ ಅಂಶವೂ ಇದೆ. ಇಷ್ಟು ಹೇಳುವುದರೊಳಗೆ ಹೊಲ ಮಾಡುವ ಮಾವನೊಬ್ಬ ಎದ್ದು ನಿಲ್ಲುತ್ತಾನೆ: "ಒಂದ್ ಮುಟಗಿ ಯೂರಿಯಾ ಒಗೀರಿ, ಗಿಡ ಹೆಂಗ ಏಳ್ತಾವ ನೋಡ್ರಿ!" ಗಿಡ ಏಳಬಹುದು, ಮೀನು ಏಳುವುದಿಲ್ಲ. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾವೇ ಆಗುತ್ತದೆ. ಮಾವನಿಗೆ ಚಹಾ ಕೊಟ್ಟು ತೊಟ್ಟಿಯಿಂದ ದೂರ ಕೂರಿಸಿ.

ಕಲ್ಲಿನ ವಿಷಯದಲ್ಲಿ ನಾವು ಶ್ರೀಮಂತರು. ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು ನೀರಿಗೆ ಏನನ್ನೂ ಬಿಡುವುದಿಲ್ಲ, ಚೆನ್ನಾಗಿ ತೊಳೆದು ಇಟ್ಟರಾಯಿತು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು ಮಾತ್ರ ಕರಗುತ್ತ ಕರಗುತ್ತ, ಮೊದಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅನುಮಾನವಿದ್ದರೆ ನಿಂಬೆಹುಳಿ ಹಿಂಡಿ ನೋಡಿ: ನೊರೆ ಬಂದರೆ ಸುಣ್ಣ. ಬಾದಾಮಿ, ಐಹೊಳೆ ಕಡೆಯಿಂದ ಚಂದದ ಕಲ್ಲು ಎತ್ತಿ ತರುವ ಆಸೆ ಬಿಡಿ. ಮೀನು ಬದುಕಿದರೂ ಪುರಾತತ್ವ ಇಲಾಖೆ ನಿಮ್ಮನ್ನು ಬದುಕಗೊಡುವುದಿಲ್ಲ.

ನೀರಿನ ಮಾತು ಬಂದರೆ ಮನೆಯಲ್ಲಿ ಯುದ್ಧ. "ನಾವು ಸವಳ ನೀರಾಗ ಜಳಕಾ ಮಾಡೂದು, ನಿನ್ ಮೀನಿಗೆ ನಾಣ್ಯ ಹಾಕಿ ಫಿಲ್ಟರ್ ನೀರ ತರೂದು?" ಅವ್ವನ ವಾದದಲ್ಲಿ ವಿಜ್ಞಾನವೂ ಇದೆ: ಬರೀ ಫಿಲ್ಟರ್ ನೀರಿನಲ್ಲಿ ಲವಣಗಳು ತೀರಾ ಕಡಿಮೆ. ತುಂಬಲು ಬೋರಿನ ನೀರೇ ಇರಲಿ. ಆದರೆ ಬಿಸಿಲಿಗೆ ಆವಿಯಾಗಿ ಕಮ್ಮಿಯಾದಾಗ ಫಿಲ್ಟರ್ ನೀರನ್ನೋ ಮಳೆನೀರನ್ನೋ ಹಾಕಿ. ಆವಿಯಾಗುವುದು ನೀರು, ಲವಣ ತೊಟ್ಟಿಯಲ್ಲೇ ಉಳಿದಿರುತ್ತದೆ. ನಳದ ನೀರಾದರೆ ಬ್ಲೀಚಿಂಗ್ ವಾಸನೆ ಹೋಗುವಂತೆ ಒಂದು ದಿನ ಬಕೆಟ್ಟಿನಲ್ಲಿ ಇಡಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಹಬ್ಬದ ಹುರುಪಿನಲ್ಲಿ ಎಲ್ಲವನ್ನೂ ಹೊರಗೆ ತೆಗೆದು ಸಬೀನಾ ಹಚ್ಚಿ ತಿಕ್ಕಿದಿರೋ, ಬ್ಯಾಕ್ಟೀರಿಯಾದ ಸಂಸಾರವನ್ನು ಗಟಾರಕ್ಕೆ ಚೆಲ್ಲಿದಿರಿ ಎಂದೇ ಲೆಕ್ಕ.

ಈಶಾನ್ಯದ ಕಿಟಕಿಯ ಬಗ್ಗೆ ಕಾಕಾನ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಬೆಳಗಿನ ಬಿಸಿಲು ನೇರವಾಗಿ ಬಿದ್ದರೆ ಬೆಳೆಯುವುದು ಭಾಗ್ಯವಲ್ಲ, ಪಾಚಿ. ಎಲ್‌ಇಡಿ ದೀಪ ದಿನಕ್ಕೆ ಆರೆಂಟು ತಾಸು ಸಾಕು. ಪಾರಾ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು ಕಾಯ್ದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳ ತೆರೆದು ನೀರಿನ ಮೇಲೆ ಸಣ್ಣ ಫ್ಯಾನ್ ಹಚ್ಚಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ ಫ್ಯಾನೂ ಇಲ್ಲ, ಫಿಲ್ಟರೂ ಇಲ್ಲ. ಆಗ ಕಾಪಾಡುವುದು ಮೀನು ಕಡಿಮೆ, ಗಿಡ ಹೆಚ್ಚು ಎಂಬ ಲೆಕ್ಕವೇ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರು ಹಿಡಿಯುತ್ತದೆ. ಟಿವಿಯ ಕಪಾಟಿನ ಮೇಲೆ ಇಡುವ ಮೊದಲು ಆ ತೂಕ ನೆನಪಿರಲಿ.

ಯಾವ ಗಿಡ? ಯೂಟ್ಯೂಬ್ ನೋಡಿದ ಹುಡುಗರು ಜಪಾನಿನ ತಕಾಶಿ ಅಮಾನೋ ಕಟ್ಟಿದಂಥ ಹಸಿರು ಜಮಖಾನೆ ಬೇಕೆನ್ನುತ್ತಾರೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸಿಲಿಂಡರು, ಬಿರುಸು ದೀಪ, ದಿನಾ ಕತ್ತರಿ, ಎಲ್ಲವೂ ಬೇಕು. ಅಪ್ಪನ ಕಿಸೆಯಂತೂ ಬೇಕೇ ಬೇಕು. ನಮಗೆ ಗಡಸು ನೀರನ್ನೇ ಒಗ್ಗಿಸಿಕೊಳ್ಳುವ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಸಾಕು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಗಿಡ, ಮೀನು, ಬಸವನಹುಳು ಸೇರಿಸಿ ನೀರು ಕೆಡದಂತೆ ಇಡಬಹುದೆಂದು ತೋರಿಸಿದ್ದು ವ್ಯಾಲಿಸ್ನೇರಿಯಾದಿಂದಲೇ. ಮೊದಲ ದಿನವೇ ಒತ್ತಾಗಿ ನೆಡಿ. ಅಮೋನಿಯಾವನ್ನು ಗಿಡಗಳೂ ಹೀರುತ್ತವೆ.

ಮೀನು? ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿಯೇ. ಗಡಸು ನೀರೆಂದರೆ ಅದಕ್ಕೆ ತವರು. ಅದೇ ಕೆಲಸದ ಗ್ಯಾಂಬೂಸಿಯಾವನ್ನು ಜೊತೆಗೆ ಬಿಡಬೇಡಿ, ಬಾಲ ಕಚ್ಚುತ್ತದೆ. ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಹೀಗಾಗಿ ಐದಾರು ಬಿಟ್ಟರೆ ಸಾಕು, ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ.

ಕೊನೆಗೊಂದು ಕೈಮುಗಿದ ಮಾತು. ತೊಟ್ಟಿ ಸಾಕೆನಿಸಿದಾಗ ಗಿಡ, ಮೀನುಗಳನ್ನು ಮಲಪ್ರಭೆಗೋ ಕಾಲುವೆಗೋ ಸುರಿದು ಪುಣ್ಯ ಕಟ್ಟಿಕೊಂಡೆ ಎಂದುಕೊಳ್ಳಬೇಡಿ. ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕವೇ ಫ್ಲಾರಿಡಾ ಸೇರಿ, ಅಲ್ಲಿನ ಕೆರೆ-ಹೊಳೆ ಕಟ್ಟಿಹಾಕಿ, ಇಂದಿಗೂ ಕೋಟಿಗಟ್ಟಲೆ ಖರ್ಚು ಮಾಡಿಸುತ್ತಿದೆ. ಹೆಚ್ಚಾದ ಮರಿಯನ್ನು ನೆರೆಮನೆಯವರಿಗೆ ಕೊಡಿ, ಹೆಚ್ಚಾದ ಗಿಡವನ್ನು ಒಣಗಿಸಿ ತಿಪ್ಪೆಗೆ ಹಾಕಿ. ಹೊಳೆಗೆ ಮಾತ್ರ ಬೇಡ.