ಮಾನಸಾಶ್ವ ಮೀಮಾಂಸೆ

ಪ್ರತಿಜ್ಞೆ: ಕುದುರೆ ಸವಾರಿಯ ಸ್ಪರ್ಧೆಗೆ ತಯಾರಾಗಲು ಕುದುರೆ ಬೇಕಿಲ್ಲ, ಮಲಗಿ ಮನಸ್ಸಿನಲ್ಲೇ ಸವಾರಿ ಮಾಡಲು ಒಂದು ಹೊರಸು ಸಾಕು. ಹೇತು: ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಲ್ಲಿ ಹೊರಸು ಹೇರಳ, ಕುದುರೆ ವಿರಳ. ತಾರ್ಕಿಕರು ಇದನ್ನು ಹೇತ್ವಾಭಾಸ ಎನ್ನಬಹುದು. ಅವರು ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು ಕಂಡವರಲ್ಲ.

ಊರಿಗೆ ಕುದುರೆಯ ನಂಟೇ ಇರಲಿಲ್ಲವೆಂದಲ್ಲ. ಇದು ನಿಜಾಮರ ಅಧೀನದಲ್ಲಿದ್ದ ನಾಯಕರ ಸಂಸ್ಥಾನ. ಪಕ್ಕದ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ ಇತ್ತು. ಸಂಸ್ಥಾನ ಅಳಿಯಿತು, ಛಾವಣಿ ಎತ್ತಂಗಡಿಯಾಯಿತು, ಕುದುರೆಗಳು ಜನರ ತಲೆಯೊಳಗೆ ವಲಸೆ ಬಂದವು ಎಂಬುದು ನಮ್ಮ ಊಹೆ. ಅಲ್ಲಿ ಅವಕ್ಕೆ ಹುರುಳಿ ಖರ್ಚೂ ಇಲ್ಲ.

ಇನ್ನು ಪ್ರಮಾಣಗಳು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಸುಮಾರು 1129ರಲ್ಲಿ, 'ಮಾನಸೋಲ್ಲಾಸ'ದಲ್ಲಿ ಕುದುರೆ ಏರಿ ಚೆಂಡಾಡುವ ವಾಜಿವಾಹ್ಯಾಲಿ ವಿನೋದವನ್ನು ವರ್ಣಿಸಿದ್ದಾನೆ. ಆತ ಅದನ್ನು ಕುದುರೆಯ ಮೇಲೆ ಕೂತು ಬರೆಸಿದನೆನ್ನಲು ಯಾವ ಆಧಾರವೂ ಇಲ್ಲ; ಆದ್ದರಿಂದ ಅವನೂ ನಮ್ಮ ಪಕ್ಷವೇ. ತಮಿಳಿನ 'ಪೆರಿಯ ಪುರಾಣ'ದ ಶಿವಭಕ್ತ ಪೂಸಲಾರ್ ನಾಯನಾರ್ ಕಾಸಿಲ್ಲದೆ ಮನಸ್ಸಿನಲ್ಲೇ ಅಡಿಪಾಯದಿಂದ ಕಳಸದವರೆಗೆ ಗುಡಿ ಕಟ್ಟಿದ. ಅದರ ಪ್ರತಿಷ್ಠೆಗೆ ಹೋಗಬೇಕಾಗಿದ್ದರಿಂದ ಶಿವನೇ ಕಂಚಿಯ ಪಲ್ಲವ ರಾಜನ ಕಲ್ಲಿನ ಗುಡಿಯ ಮುಹೂರ್ತವನ್ನು ಮುಂದೂಡಿಸಿದ. ಗುಡಿಯೇ ಕಟ್ಟಬಹುದಾದರೆ ಲಗಾಮು ಕಟ್ಟುವುದು ಯಾವ ದೊಡ್ಡ ಮಾತು?

ಮನಸ್ಸಿನಲ್ಲಿ ಮಂಡಿಗೆ ತಿಂದರೆ ಹೊಟ್ಟೆ ತುಂಬದೆಂಬ ಆಕ್ಷೇಪಕ್ಕೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಉತ್ತರ ಕೊಟ್ಟಿದ್ದಾರೆ. ಸುಮ್ಮನೆ ಮಲಗಿ ತೋಳು ಮಡಿಚಿದಂತೆ ಕಲ್ಪಿಸಿಕೊಂಡರೂ ಆ ತೋಳಿನ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಮಿಡಿತ ಕಾಣುತ್ತದೆಂದು 1930ರ ಸುಮಾರಿಗೆ ಅವರು ಅಳೆದು ತೋರಿಸಿದರು. ಮಧ್ಯಾಹ್ನ ಹೊರಸಿನ ಮೇಲೆ ಗೊರಕೆ ಹೊಡೆಯುವವನನ್ನು ಸೋಮಾರಿ ಎನ್ನುವ ಮುಂಚೆ ಮನೆಯವರು ಇದನ್ನು ನೆನೆಯಬೇಕು.

ಸ್ಪರ್ಧೆಯ ನಿಯಮವೂ ನಮ್ಮ ಕಡೆಗಿದೆ. ಅಡ್ಡಗೋಲು ಹಾರುವ ಸ್ಪರ್ಧೆಗೆ ಮೊದಲು ಸವಾರರು ಕಣವನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ಕುದುರೆಯ ಒಂದು ದಾಪು ಸುಮಾರು 12 ಅಡಿ, ಮನುಷ್ಯನ ನಾಲ್ಕು ಹೆಜ್ಜೆ. ಎಣಿಸುತ್ತ, ತಿರುವು ನೋಡುತ್ತ, ಕಣ್ಣು ಮುಚ್ಚಿ ಇಡೀ ಓಟವನ್ನು ಒಳಗೇ ಓಡಿಸುತ್ತಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದು, 1982ರ ನಂತರ ಮೊದಲ ಬಾರಿಗೆ ಭಾರತಕ್ಕೆ ಆ ಕೂಟದ ಸವಾರಿಯ ವೈಯಕ್ತಿಕ ಪದಕ ತಂದ ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಇಂಥ ಕಣಗಳನ್ನು ಮೊದಲು ನಡೆದೇ ಅಳೆಯಬೇಕು.

ಪ್ರಬಂಧದ ಈ ಭಾಗವನ್ನು ಊರ ಹತ್ತಿರದ ಅಮರೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎತ್ತು ನೋಡುತ್ತಿದ್ದ ಒಬ್ಬ ತಾತನಿಗೆ ವಿವರಿಸಲಾಯಿತು. ತಾತ ಎತ್ತಿನ ಹಲ್ಲು ಎಣಿಸುವುದನ್ನು ನಿಲ್ಲಿಸಲಿಲ್ಲ.

"ಎಲ್ಲಾ ಖರೇ ಐತಿ ತಮ್ಮಾ. ಕುದುರಿಗಿ ಹೇಳೀರೇನು?"

ಶಾಸ್ತ್ರಕ್ಕೆ ಇಷ್ಟು ದೊಡ್ಡ ಪೆಟ್ಟು ಈವರೆಗೆ ಬಿದ್ದಿರಲಿಲ್ಲ. ಏಕೆಂದರೆ ಕಣ ಸುತ್ತುವಾಗ ಕುದುರೆಗೆ ಪ್ರವೇಶವಿಲ್ಲ. ಆ ಕೋಲುಗಳ ಸಾಲನ್ನು ಅದು ಮೊದಲು ಕಾಣುವುದೇ ಓಟಕ್ಕೆ ಬಂದಾಗ. ಸವಾರ ಮನಸ್ಸಿನಲ್ಲಿ ನೂರು ಸಲ ಹಾರಿದ ಕೋಲಿನ ಮುಂದೆ ಅದು ಗಕ್ಕನೆ ನಿಂತರೆ 4 ದೋಷಾಂಕ, ಕೋಲು ಬಿದ್ದರೂ 4. ಸವಾರ ಬಿದ್ದರೆ ಆಟವೇ ಮುಗಿಯಿತು. ಕಲ್ಪನೆಯಲ್ಲಿ ಮಾತ್ರ ಯಾವ ಕುದುರೆಯೂ ಹಟ ಮಾಡುವುದಿಲ್ಲ.

ಬಹಳ ಚಿಂತಿಸಿ ಕಂಡುಕೊಂಡ ಪರಿಹಾರವೆಂದರೆ ನಮ್ಮ ಉತ್ಸವಗಳ ಕೀಲುಕುದುರೆ. ಬಿದಿರಿನ ಮೈ ಸೊಂಟಕ್ಕೆ ಕಟ್ಟಿ ಕುಣಿಯುವಾಗ ಸವಾರನೂ ಕುದುರೆಯೂ ಒಂದೇ ತಲೆಯಿಂದ ಯೋಚಿಸುತ್ತಾರೆ, ಎರಡೇ ಕಾಲಿನಿಂದ ಓಡುತ್ತಾರೆ. ಸವಾರ ಕಂಡದ್ದನ್ನು ಕುದುರೆ ಕಾಣದೆ ಇರುವ ಪ್ರಶ್ನೆಯೇ ಇಲ್ಲ. ಒಲಿಂಪಿಕ್ಸಿನವರು ಇದನ್ನು ಒಪ್ಪಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಅಡ್ಡಗೋಲು ಹಾರುವಾಗ ಮೊದಲು ಮುರಿಯುವುದು ಬಿದಿರೋ ಮೊಳಕಾಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ತಾತನನ್ನು ಕೇಳಿದರೆ ಹೇಳಿಯಾನು. ಕೇಳುವ ಧೈರ್ಯ ಪ್ರಬಂಧಕಾರರಿಗಿಲ್ಲ.