ತಲೆ ತಗ್ಗಿಸಿದ ಕ್ಯಾಲಾ ಲಿಲ್ಲಿ

ಕ್ಯಾಲಾ ಲಿಲ್ಲಿ ಹೆಸರಿಗೆ ಲಿಲ್ಲಿ, ಕುಲದಲ್ಲಿ ಕೆಸು. ದಕ್ಷಿಣ ಆಫ್ರಿಕಾ ಮೂಲದ ಈ ಗಿಡ ಪತ್ರೊಡೆಯ ಎಲೆಗೂ ಸುವರ್ಣಗೆಡ್ಡೆಗೂ ದಾಯಾದಿ. ಕಚ್ಚಿದರೆ ಬಾಯಿ ತುರಿಸುವ ಮನೆತನದ ಗುಣವನ್ನೂ ಬಿಟ್ಟಿಲ್ಲ. ಕುಂಡದಲ್ಲಿ ಅದರ ಎಲೆ ಜೋತುಬಿದ್ದರೆ ಮನೆಯವರೆಲ್ಲ ವೈದ್ಯರಾಗುತ್ತಾರೆ. ಎಲ್ಲರ ಔಷಧವೂ ಒಂದೇ: ಇನ್ನೊಂದು ಚೊಂಬು ನೀರು.

ರೋಗಿ ಸಾಯುವುದು ಎಷ್ಟೋ ಸಲ ಈ ಚೊಂಬಿನಿಂದಲೇ. ನೀರು ಸಾಲದೆ ಬಾಡಿದ ಎಲೆಯೂ ನೀರು ಹೆಚ್ಚಾಗಿ ಬಾಡಿದ ಎಲೆಯೂ ನೋಡಲು ಒಂದೇ ಥರ. ಕೊಳೆತ ಬೇರು ನೀರಿನ ನಡುವೆ ನಿಂತೂ ಕುಡಿಯಲಾರದು. ಆದ್ದರಿಂದ ನಾಡಿ ಹಿಡಿಯಬೇಕಾದ್ದು ಮಣ್ಣಿನಲ್ಲಿ. ಬೆರಳನ್ನು 2 ಗೆಣ್ಣಿನಷ್ಟು ಇಳಿಸಿದಾಗ ಒಣಗಿದ್ದರೆ ನೀರೆರೆಯಬಹುದು, ಗಿಡ ಬೇಗನೆ ನೆಟ್ಟಗಾಗುತ್ತದೆ. ಮಧ್ಯಾಹ್ನ ಬಾಡಿ ಸಂಜೆ ತಾನೇ ಚೇತರಿಸಿಕೊಳ್ಳುವುದು ಬಿಸಿಲಿನ ನಾಟಕ. ಕುಂಡವನ್ನು ಅರೆನೆರಳಿಗೆ ಸರಿಸಿದರೆ ಸಾಕು.

ಮಣ್ಣು ಒದ್ದೆಯಿದ್ದೂ ಬಾಡಿದರೆ ಗೆಡ್ಡೆಯನ್ನು ಎಬ್ಬಿಸಿ ನೋಡಲೇಬೇಕು. ಮೆತ್ತಗಾಗಿ ನಾರುತ್ತಿದ್ದರೆ ಅದು ಬ್ಯಾಕ್ಟೀರಿಯಾ ತರುವ ಮೃದುಕೊಳೆ. ಅಂಥದ್ದು ಕಸದ ಬುಟ್ಟಿಗೆ, ಗೊಬ್ಬರದ ಗುಂಡಿಗಲ್ಲ. ಗೆಡ್ಡೆ ಗಟ್ಟಿಯಿದ್ದು ಬೇರು ಮಾತ್ರ ಕಪ್ಪಾಗಿದ್ದರೆ ಶುಚಿಯಾದ ಚಾಕುವಿನಿಂದ ಕೊಳೆತದ್ದನ್ನು ಕತ್ತರಿಸಿ, ಗಾಯ ಒಣಗಿಸಿ, ನೀರು ಬಸಿಯುವ ಹೊಸ ಮಣ್ಣಿನಲ್ಲಿ ನೆಡಬಹುದು. ಬಿಳಿ ಹೂವಿನ ಜಾತಿ ಕೆಸರನ್ನು ಸಹಿಸುತ್ತದೆ. ಹಳದಿ, ಗುಲಾಬಿ ಬಣ್ಣದವು ಸಹಿಸವು. ಬಣ್ಣಕ್ಕೆ ತಕ್ಕ ಬಿಂಕ.

ಹೂ ಮುಗಿದ ಮೇಲೆ ಹಳದಿಯಾಗಿ ಒರಗುವ ಎಲೆಗೆ ಯಾವ ಚಿಕಿತ್ಸೆಯೂ ಬೇಡ. ಅದು ನಿದ್ದೆ. ಬಣ್ಣದ ಜಾತಿಗಳಿಗೆ ನೀರು ಕಡಿಮೆ ಮಾಡಿ, ಎಲೆ ಪೂರ್ತಿ ಒಣಗಿದ ಮೇಲೆ ಗೆಡ್ಡೆಯನ್ನು 2-3 ತಿಂಗಳು ಒಣ ಜಾಗದಲ್ಲಿ ಮಲಗಿಸಬೇಕು. ಅಷ್ಟು ದಿನ ಚೊಂಬನ್ನು ಅಡಗಿಸಿಡುವುದು ಕ್ಷೇಮ.