ತಡೀರಿ, ಹೊಸ ಮಾಡೆಲ್ ಬರಾಕತ್ತೈತಿ

ನಮ್ಮ ಮೂಡಲಗಿ ತಾಲೂಕಿನ ಮಸಗುಪ್ಪಿಯಲ್ಲಿ ಕಂಪ್ಯೂಟರ್ ಇಲ್ಲದ ಮನೆ ಬೇಕಾದಷ್ಟಿವೆ. ಕಂಪ್ಯೂಟರ್ ತಜ್ಞರಿಲ್ಲದ ಕಟ್ಟೆ ಒಂದೂ ಇಲ್ಲ.

ಕಟ್ಟೆಯ ಮೇಲೆ ಕೂತವರಿಗೆ ಎಲ್ಲ ಗೊತ್ತು. ಮುಂದಿನ ಪ್ರೊಸೆಸರ್ ಯಾವಾಗ ಬರುತ್ತದೆ, ಅದರಲ್ಲಿ ಎಷ್ಟು ಕೋರ್ ಇರುತ್ತವೆ, ಈಗಿನದು ಯಾಕೆ ದಂಡ. ಎಲ್ಲವನ್ನೂ ಯೂಟ್ಯೂಬ್ ಹೇಳಿಕೊಟ್ಟಿದೆ. ಡೆಸ್ಕ್‌ಟಾಪ್ ತರಬೇಕೆಂದು ಯಾರಾದರೂ ಬಾಯಿ ತೆರೆದರೆ ಸಾಕು, ಉಪದೇಶ ಶುರು. "ಈಗ ತಗೋಬ್ಯಾಡ್ರಿ ಕಾಕಾ, ರೊಕ್ಕ ಹೊಳ್ಯಾಗ ಹಾಕಿದಂಗ. ಸ್ವಲ್ಪ ತಡೀರಿ, ಹೊಸ ಮಾಡೆಲ್ ಬರಾಕತ್ತೈತಿ."

ಕಾಕಾ ತಲೆಯಾಡಿಸುತ್ತಾರೆ. ಅವರಿಗೂ ಅದೇ ಬೇಕಾಗಿತ್ತು. ರೊಕ್ಕ ಉಳಿಯಿತು. ಶಾಣ್ಯಾ ಅನ್ನಿಸಿಕೊಂಡಿದ್ದು ಲಾಭ.

ಇದೇ ಕಾಕಾ ಟ್ರ್ಯಾಕ್ಟರ್ ತಂದಾಗ ಮುಂದಿನ ಮಾಡೆಲ್ಲಿಗೆ ಕಾಯಲಿಲ್ಲ. ಹಾರ ಹಾಕಿ, ಪಟಾಕಿ ಹಾರಿಸಿ ತಂದರು. ಮೊಬೈಲ್ ಬಿಡುಗಡೆಯಾದ ವಾರದಲ್ಲೇ ಕಿಸೆಯಲ್ಲಿತ್ತು. ಬಂಗಾರ ಏರುತ್ತಿದೆ ಎಂದು ಗೊತ್ತಿದ್ದೂ ಕೊಂಡರು, ಇಳಿಯುತ್ತದೆ ಎಂದು ಯಾರೋ ಹೇಳಿದಾಗಲೂ ಕೊಂಡರು. ಮನೆಯಲ್ಲಿ ಓದುವ ಹುಡುಗರಿಗೆ ಒಂದು ಡೆಸ್ಕ್‌ಟಾಪ್ ಎಂದ ಕೂಡಲೇ ಕಾಕಾ ಅರ್ಥಶಾಸ್ತ್ರಜ್ಞರಾಗಿಬಿಟ್ಟರು.

ನೆಪಗಳಿಗೆ ಇಲ್ಲಿ ಪಂಚಾಂಗವೇ ಇದೆ. ಯುಗಾದಿಗೆ ತರೋಣವೆಂದರೆ ಕಬ್ಬಿನ ಬಿಲ್ಲು ಬಂದಿರುವುದಿಲ್ಲ. ಬಿಲ್ಲು ಬರುವ ಹೊತ್ತಿಗೆ ಮದುವೆಗಳು. ಮದುವೆ ಮುಗಿದರೆ ಬಿತ್ತನೆ. ಬಿತ್ತನೆ ಮುಗಿದರೆ ಘಟಪ್ರಭೆಗೆ ಹೊಳೆ ಬರುತ್ತದೆ; ಹೊಳೆ ಬಂದಾಗ ಕಂಪ್ಯೂಟರ್ ಯಾರು ತರುತ್ತಾರೆ? ಹೊಳೆ ಇಳಿದ ಮೇಲೆ ದೀಪಾವಳಿ ಆಫರ್ ನೋಡೋಣ. ಆಫರ್ ಬಂದಾಗ, ತಡೀರಿ, ಹೊಸ ಮಾಡೆಲ್.

ಹಾಗಂತ ಇವರು ಕಾಯುವ ಜಾತಿಯವರು ಎಂದು ತಿಳಿಯಬೇಡಿ. 2025ರ ನವೆಂಬರ್‌ನಲ್ಲಿ ಇಲ್ಲೇ ಪಕ್ಕದ ಗುರ್ಲಾಪುರ ಕ್ರಾಸಿನಲ್ಲಿ ಏನಾಯಿತೆಂದು ಇಡೀ ರಾಜ್ಯ ನೋಡಿದೆ. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂದು ರೈತರು ರಸ್ತೆಯ ಮೇಲೆ ಕೂತರು. ಹಗಲು ಕೂತರು, ರಾತ್ರಿ ಅಲ್ಲೇ ಮಲಗಿದರು. ಬೆಂಗಳೂರಿನಲ್ಲಿ ಸಭೆ ಕರೆಯದೆ ಸರ್ಕಾರಕ್ಕೆ ಗತ್ಯಂತರ ಉಳಿಯಲಿಲ್ಲ. 3,300ಕ್ಕೆ ಒಪ್ಪಿಸಿಯೇ ಎದ್ದರು. ಅಲ್ಲಿ ಒಬ್ಬನೂ ‘ಮುಂದಿನ ಹಂಗಾಮಿನ ದರ ನೋಡಿ ಮಾತಾಡೋಣ’ ಎನ್ನಲಿಲ್ಲ.

ಕಾಯಿಸುವವರು ಯಾರೆಂದು ಈ ನೆಲಕ್ಕೆ ಚೆನ್ನಾಗಿ ಗೊತ್ತು. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಆ ಬಡ್ಡಿಯ ಮುಖ ನೋಡಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಶಾಲು ಹೊದಿಸೋಣ. ಕಾಯಿಸುವುದರಲ್ಲಿ ಸರ್ಕಾರವೂ ಕಡಿಮೆಯಿಲ್ಲ. ಗೋಕಾಕ ಜಿಲ್ಲೆಯನ್ನು 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿತು, ಚಿಕ್ಕೋಡಿಯ ಜೊತೆಗೇ ಹಿಂತೆಗೆದುಕೊಂಡಿತು. ಅಂದಿನಿಂದ ಪ್ರತಿ ಚುನಾವಣೆಗೂ ಅದರ ಹೊಸ ಮಾಡೆಲ್ ಬರುತ್ತಲೇ ಇದೆ. ಮೂಡಲಗಿ ತಾಲೂಕು ಬಜೆಟ್ಟಿನ ಹಾಳೆಯಲ್ಲಿ ಕಂಡದ್ದು 2013ರಲ್ಲಿ. ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ 2018.

ಬೇರೆಯವರು ಕಾಯಿಸಿದಾಗ ನಮಗೆ ಸಿಟ್ಟು ಬರುತ್ತದೆ. ಮನೆಯ ಮಕ್ಕಳನ್ನು ನಾವೇ ಕಾಯಿಸಿದರೆ ಅದು ದೂರದೃಷ್ಟಿ.

ಆಗಲಿ, ಈ ದೂರದೃಷ್ಟಿಯ ಲೆಕ್ಕವನ್ನೂ ನೋಡಿಬಿಡೋಣ. 2025ರ ಆಗಸ್ಟ್ 15ಕ್ಕೆ ಪ್ರಧಾನಿ ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಯುತ್ತದೆ ಎಂದರು. ಕಟ್ಟೆಗೆ ಕಟ್ಟೆಯೇ ಪುಳಕಗೊಂಡಿತು. ‘ನಾ ಹೇಳಿರ್ಲಿಲ್ಲಾ?’ ಸೆಪ್ಟೆಂಬರ್ 22 ಬಂತು. ದೊಡ್ಡ ಟಿವಿ ಶೇ 28ರಿಂದ 18ಕ್ಕೆ ಇಳಿಯಿತು. ಕಂಪ್ಯೂಟರ್ ಮೇಲಿನ ತೆರಿಗೆ? ಮೊದಲೂ 18, ಆಮೇಲೂ 18. ಕಂಪ್ಯೂಟರಿಗೆಂದು ತೆಗೆದಿಟ್ಟಿದ್ದ ರೊಕ್ಕದಲ್ಲಿ ಹಲವರ ಮನೆಗೆ ಟಿವಿ ಬಂತು. ಅದಕ್ಕೆ ಮಾತ್ರ ಮುಂದಿನ ಮಾಡೆಲ್ ನೋಡುವ ತಾಳ್ಮೆ ಇರಲಿಲ್ಲ.

ಆಮೇಲೆ ಬಂತು ರ‍್ಯಾಮ್ ಕಥೆ. ಕಂಪ್ಯೂಟರ್ ಸಾಮಾನು ದಿನಕಳೆದಂತೆ ಅಗ್ಗವಾಗುತ್ತದೆ ಎನ್ನುವುದು ಕಟ್ಟೆಯ ಶಾಸ್ತ್ರ. ಮೂವತ್ತು ವರ್ಷ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. ಆದರೆ ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಕೇಳಿದಷ್ಟು ಬೆಲೆ ಕೊಡುತ್ತೇವೆ ಎಂದು ಬಾಗಿಲಿಗೆ ಬಂದು ನಿಂತ ಮೇಲೆ ಈ ಮೂವರಿಗೆ ನಿಮ್ಮ ಎಂಟು ಜಿಬಿಯ ಚಿಂತೆ ಯಾಕೆ? 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏರಿದ್ದೇ ಏರಿದ್ದು. ಡಿಸೆಂಬರ್‌ನಲ್ಲಿ ಮೈಕ್ರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಮಾನ್ಯ ಗಿರಾಕಿಗೆ ಮಾರುತ್ತಿದ್ದ ‘ಕ್ರೂಶಿಯಲ್’ ವ್ಯಾಪಾರವನ್ನೇ ಮುಚ್ಚುತ್ತೇವೆ ಎಂದು ಸಾರಿತು.

ಕಾಯ್ದರೆ ಅಗ್ಗವಾಗುತ್ತದೆ ಎಂದ ತಜ್ಞರು ಈಗ ಕಟ್ಟೆಯ ಮೇಲೆ ವಿಷಯ ಬದಲಿಸಿದ್ದಾರೆ. ‘ಈಗಂತೂ ತಗೋಳ್ಳಾಕ ಹೋಗಬ್ಯಾಡ್ರಿ, ರೇಟ್ ಭಾಳ ಆಗೈತಿ. ಇಳೀಲಿ.’ ಅಂದರೆ ಇಳಿಯುತ್ತದೆಂದೂ ಕಾಯಬೇಕು, ಏರಿದೆಯೆಂದೂ ಕಾಯಬೇಕು. ಇವರ ಶಾಸ್ತ್ರದಲ್ಲಿ ಕೊಳ್ಳುವ ಮುಹೂರ್ತವೇ ಇಲ್ಲ.

ಇನ್ನು ಮನೆಯಲ್ಲಿ ಹಳೆಯದೊಂದು ಇದ್ದು ‘ಇದ್ದದ್ದ ನಡೀತೈತಲ್ಲ’ ಎನ್ನುವವರು. 2015ರಲ್ಲಿ ವಿಂಡೋಸ್ 10 ಬಂದಾಗ, ಇದೇ ಕೊನೆಯ ವಿಂಡೋಸ್ ಎಂದು ಮೈಕ್ರೋಸಾಫ್ಟಿನವನೇ ಒಬ್ಬ ಹೇಳಿದ್ದ. 2021ರಲ್ಲಿ 11 ಬಂತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಂತಿತು. ಹಳೆಯ ಯಂತ್ರಕ್ಕೆ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು. ಯಂತ್ರ ಗಟ್ಟಿಯಾಗಿದೆ, ಫ್ಯಾನ್ ತಿರುಗುತ್ತದೆ, ಆದರೂ ಪಾಸಾಗುವುದಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದಿತು ಕಂಪನಿ. ನೋಂದಾಯಿಸಬೇಕೆಂದು ನಮ್ಮ ಕಡೆ ಎಷ್ಟು ಜನರಿಗೆ ಗೊತ್ತು? ಅಂಥ ಯಂತ್ರಗಳ ಮೇಲೆಯೇ ಊರಿನ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಸ್ಕ್ಯಾನ್ ಆಗುತ್ತಿವೆ.

ಕಾಯಿಸುವ ಕಂಪನಿಗಳೇನು ಹರಿಶ್ಚಂದ್ರನ ವಂಶದವೇ? ಆಪಲ್ ಕಂಪನಿ 2013ರ ಡಿಸೆಂಬರ್‌ನಲ್ಲಿ ಮ್ಯಾಕ್ ಪ್ರೊ ಎಂಬ ಡೆಸ್ಕ್‌ಟಾಪ್ ತಂದಿತು. ಆಮೇಲೆ ಅದನ್ನು ಮರೆತುಬಿಟ್ಟಿತು. ವಿಡಿಯೊ ಎಡಿಟ್ ಮಾಡುವವರು, ಸಂಗೀತ ಸಂಯೋಜಿಸುವವರು ಹೊಸದು ಬರುತ್ತದೆ, ಬಂದೇ ಬರುತ್ತದೆ ಎಂದು ಕಾದರು. ಬಂತು, 2019ರ ಡಿಸೆಂಬರ್‌ನಲ್ಲಿ. ಹಳೆಯದರ ಆರಂಭದ ಬೆಲೆ 2,999 ಡಾಲರ್. ಆರು ವರ್ಷ ಕಾದ ಭಕ್ತರಿಗೆ ದೇವರು ಕೊಟ್ಟ ಪ್ರಸಾದ 5,999 ಡಾಲರ್.

ಕಾಯುವುದರಿಂದ ಗಿರಾಕಿ ಮಾತ್ರ ಕೆಡುವುದಿಲ್ಲ. ಆಡಂ ಆಸ್‌ಬೋರ್ನ್ ಎಂಬಾತನಿದ್ದ. ಅಪ್ಪ ಆರ್ಥರ್ ಆಸ್‌ಬೋರ್ನ್, ರಮಣ ಮಹರ್ಷಿಗಳ ಭಕ್ತ. ಹುಡುಗ ಬೆಳೆದದ್ದು ತಿರುವಣ್ಣಾಮಲೈಯಲ್ಲಿ. 1981ರಲ್ಲಿ ಅಮೆರಿಕದಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ತಂದು ಹೆಸರು ಮಾಡಿದ. 1,795 ಡಾಲರ್, ಐದಿಂಚಿನ ಪರದೆ, ಎತ್ತಿದರೆ ಹನ್ನೊಂದು ಕಿಲೊ. ಬಿಸಿ ಬಿಸಿ ಮಾರಾಟ. ಅಷ್ಟಕ್ಕೆ ಸುಮ್ಮನಿರದೆ, ಇದಕ್ಕಿಂತ ಭರ್ಜರಿಯಾದದ್ದು ಬರುತ್ತಿದೆ ಎಂದು ಹೇಳಿಬಿಟ್ಟ. ಎಲ್ಲರೂ ಕಾಯತೊಡಗಿದರು. ಕೈಯಲ್ಲಿದ್ದದ್ದು ಮಾರಾಟವಾಗಲಿಲ್ಲ, ಬರಬೇಕಾದ್ದು ಸಮಯಕ್ಕೆ ಬರಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ. ದಿವಾಳಿಗೆ ಬೇರೆ ಕಾರಣಗಳೂ ಇದ್ದವು ಎಂದು ವಾದಿಸುವವರಿದ್ದಾರೆ, ಆದರೆ ವ್ಯಾಪಾರದ ಪಾಠಗಳಲ್ಲಿ ಈ ರೋಗಕ್ಕೆ ಇಂದಿಗೂ ಆತನ ಹೆಸರೇ. ಕೊನೆಗೆ ಆತ ಮರಳಿದ್ದು ತಮಿಳುನಾಡಿಗೆ; 2003ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡ. ಆತನ ದಿವಾಳಿಯಿಂದ ಕಂಪನಿಗಳು ಒಂದು ಪಾಠ ಕಲಿತವು: ಮುಂದಿನದರ ಗುಟ್ಟನ್ನು ತಾವಾಗಿ ಬಿಟ್ಟುಕೊಡಬಾರದು. ಆ ಕೆಲಸಕ್ಕೆ ಈಗ ನಮ್ಮ ಕಟ್ಟೆ ಇದೆ. ಪುಕ್ಕಟೆ.

ಈಗಿನ ಹೊಸ ಗೀಳು ಎಐ ಪಿಸಿ. ನರಜಾಲ ಲೆಕ್ಕಕ್ಕೆಂದೇ ಬೇರೆ ಚಿಪ್ ಇರಬೇಕಂತೆ. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಿದರೆ ಮಾತ್ರ ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್’ ಎಂದು ಮುದ್ರೆ ಒತ್ತುತ್ತದೆ. ಸರಿ, ಇದರಲ್ಲಿ ನೀವು ಮಾಡುವ ಕೆಲಸವೇನು ಸಾಹೇಬರೇ? ‘ನುಡಿ’ ತಂತ್ರಾಂಶದಲ್ಲಿ ಒಂದು ಅರ್ಜಿ. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ. ಅದನ್ನೂ ಯೂನಿಕೋಡಿನಲ್ಲಿ ಮಾಡುವುದಿಲ್ಲ. ಹಳೆಯ ಫಾಂಟಿನಲ್ಲಿ ಕುಟ್ಟಿ ಕಳಿಸುತ್ತೀರಿ, ಆ ಫಾಂಟಿಲ್ಲದ ಕಡೆ ತೆರೆದರೆ ದೆವ್ವ ಹಿಡಿದ ಅಕ್ಷರ. 40 ಲಕ್ಷ ಕೋಟಿ ಲೆಕ್ಕವೂ ಅದನ್ನು ಓದಲಾರದು.

ನಿಜವಾಗಿ ಯಂತ್ರ ಬೇಕಾದವರ ಪಾಡು ಕೇಳಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ನಮ್ಮ ಕಡೆಯ ಬಾಯಲ್ಲಿ ತಲಾಟಿಗಳು, ಮುಷ್ಕರಕ್ಕೆ ಕೂತರು. ಲ್ಯಾಂಡ್ ಬೀಟ್, ಆಧಾರ್ ಸೀಡಿಂಗ್, ಬಗರ್ ಹುಕುಂ ಎಂದು ಆ್ಯಪ್ ಮೇಲೆ ಆ್ಯಪ್ ಹೇರಿದ್ದೀರಿ, ಕಂಪ್ಯೂಟರ್ ಎಲ್ಲಿ, ಪ್ರಿಂಟರ್ ಎಲ್ಲಿ ಎಂದು ಕೇಳಿದರು. ಸ್ವಂತ ಮೊಬೈಲಿನಲ್ಲಿ ಸರ್ಕಾರ ನಡೆಸುತ್ತಿದ್ದವರು ಅವರು. ಡಿಜಿಟಲ್ ಕರ್ನಾಟಕದ ಭಾಷಣ ಬಿಗಿದವರ ಟೇಬಲ್ಲಿನ ಮೇಲೆ ಮಾತ್ರ ಹೊಚ್ಚಹೊಸ ಡೆಸ್ಕ್‌ಟಾಪ್. ಅದರ ಮೇಲೆ ಪ್ಲಾಸ್ಟಿಕ್ ಕವರ್. ಖಂಡೆ ಪೂಜೆಯ ದಿನ ಕವರ್ ತೆಗೆದು ಕುಂಕುಮ ಹಚ್ಚಿ ಮತ್ತೆ ಹೊದಿಸುತ್ತಾರೆ. ಅದರ ಮಾಡೆಲ್ ಹಳತಾಗುತ್ತದೆ. ಯಂತ್ರ ಹಳತಾಗುವುದಿಲ್ಲ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಶುರುವಾದಾಗ ತಾಲೂಕು ಕಚೇರಿಗಳಿಗೆ ಬಂದ ಯಂತ್ರಗಳನ್ನು ಇಂದು ಗುಜರಿಯವನೂ ಮುಟ್ಟಲಿಕ್ಕಿಲ್ಲ. ಆ ಡಬ್ಬಗಳಲ್ಲೇ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಏರಿದವು. ಕೈಬರಹದ ಉತಾರಕ್ಕೆ ಬೆಲೆ ಇಲ್ಲದಾಯಿತು. ಇನ್ನೊಂದು ವರ್ಷ ತಡೆದರೆ ಇದಕ್ಕಿಂತ ಚುರುಕಾದ ಪೆಂಟಿಯಂ ಬರುತ್ತದೆ ಎಂದು ಅಂದಿನ ಅಧಿಕಾರಿಗಳು ಕೂತಿದ್ದರೆ? ನಮ್ಮ ಉತಾರ ಇನ್ನೂ ತಲಾಟಿಯ ಗಂಟಿನಲ್ಲೇ ಇರುತ್ತಿತ್ತು. ಗಂಟು ಬಿಚ್ಚಲು ಎಷ್ಟು ಬೇಕಾಗುತ್ತಿತ್ತೆಂದು ಹಿರಿಯರನ್ನು ಕೇಳಿ.

ಎಂದೂ ಕಾಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹೊಸದರ ತಾರೀಖು ಕಂಪನಿಯೇ ಹೇಳಿದೆ, ಅದು ಬರುವ ತಿಂಗಳೇ ಇದೆ, ಕೈಯಲ್ಲಿರುವುದು ನಡೆಯುತ್ತಿದೆ. ಕಾಯಿರಿ, ಯಾರ ಅಭ್ಯಂತರ? ಈ ಮೂರರಲ್ಲಿ ಒಂದೂ ಇಲ್ಲದವರೇ ಕಟ್ಟೆ ತುಂಬ ಕೂತಿದ್ದಾರೆ. ಇನ್ನು ಡೆಸ್ಕ್‌ಟಾಪಿನ ದೊಡ್ಡ ಗುಣವನ್ನೇ ಇವರು ಮರೆತಿದ್ದಾರೆ. ಅದರ ಪೆಟ್ಟಿಗೆ ಬಿಚ್ಚಬಹುದು. ಇವತ್ತು ಕೈಗೆಟಕುವುದನ್ನು ತಂದು, ನಾಳೆ ರ‍್ಯಾಮ್ ಸೇರಿಸಬಹುದು, ನಾಡಿದ್ದು ಎಸ್‌ಎಸ್‌ಡಿ ದೊಡ್ಡದು ಹಾಕಬಹುದು. ನಮ್ಮ ಕರೆಂಟಿನ ಚಂದ ನೋಡಿದರೆ ಪ್ರೊಸೆಸರಿಗಿಂತ ಮೊದಲು ಒಂದು ಒಳ್ಳೆಯ ಯುಪಿಎಸ್ ತಂದವನೇ ಜಾಣ. ಯುಪಿಎಸ್‌ನ ಹೊಸ ಮಾಡೆಲ್ ಬಗ್ಗೆ ಕಟ್ಟೆಯಲ್ಲಿ ಚರ್ಚೆ ನಡೆದದ್ದನ್ನು ನಾನಂತೂ ಕೇಳಿಲ್ಲ.

ಊರಿನ ಒಂದು ಮನೆ. ಮಗಳು ಬಿಸಿಎ. ಕಾಲೇಜಿನ ಲ್ಯಾಬಿನಲ್ಲಿ ಸಿಗುವುದು ತಾಸು ಹೊತ್ತು. ಉಳಿದ ಪ್ರೋಗ್ರಾಮನ್ನೆಲ್ಲ ಬಿರುಕುಬಿಟ್ಟ ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆಯುತ್ತಾಳೆ. "ಅಪ್ಪಾ, ಸೆಕೆಂಡ್ ಹ್ಯಾಂಡ್ ಆದ್ರೂ ನಡೀತೈತಿ" ಎಂದಳು. "ತಡಿ ತಂಗಿ, ಹೊಸಾದು ಬರ್ಲಿ, ಛಲೋದ ತರೂಣು" ಎಂದ ಅಪ್ಪ. ಅದು ಅವಳ ಮೊದಲ ಸೆಮಿಸ್ಟರ್. ಈಗ ಕೊನೆಯದು ನಡೆದಿದೆ, ಮದುವೆಯೂ ಗೊತ್ತಾಗಿದೆ. ವರನಿಗೆ ಕಾರು ಬುಕ್ ಆಗಿದೆ, ಶೋರೂಮಿಗೆ ಇದೇ ತಿಂಗಳು ಬಂದದ್ದು.

"ಮುಂದಿನ ವರ್ಷ ಇದಕ್ಕಿಂತ ಛಲೋ ಮಾಡೆಲ್ ಬರ್ತೈತಂತಲ್ಲ, ಸ್ವಲ್ಪ ತಡೀಬಹುದಿತ್ತು" ಎಂದೆ.

"ಅದ್ಹೆಂಗ ಆಗ್ತೈತ್ರೀ ಸರ, ಬೀಗರನ್ನ ಕಾಯ್ಸಾಕ ಬರ್ತೈತೇನ್ರಿ?"